ಕಡಲಿನ ವಿಷಜಂತುಗಳು



ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಾಸಿಸುವ ನಮ್ಮಂಥವರಿಗೆ ಸಮುದ್ರವು ದೂರದ ವಸ್ತು. ನಮ್ಮದು ಎರೆಯ ಸೀಮೆ. ನಾವು ಕಂಡ ನೀರು ಕೆರೆಬಾವಿಗಳದು. ಆದರೂ ನಮ್ಮ ರಸ್ತೆಯ ನಿಲ್ದಾಣದಲ್ಲಿ ಕಾರವಾರದ ಬಸ್ಸನ್ನು ಹತ್ತಿದವನು ಯಲ್ಲಾಪುರವನ್ನು ದಾಟಿ, ಅರಬೈಲು ಘಟ್ಟವನ್ನು ಇಳಿದು, ಅರ್ಧ ದಿನದೊಳಗೆ ಅಂಕೋಲೆಯನ್ನು ಮುಟ್ಟುತ್ತಾನೆ. ರಜೆ ಬಂದಿತೆಂದರೆ ಮಕ್ಕಳುಮರಿಗಳೊಡನೆ ಗೋಕರ್ಣ, ಮುರುಡೇಶ್ವರಗಳಿಗೆ ಹೋಗಿ ಬರುವವರು ನಮ್ಮಲ್ಲಿ ಬಹುಮಂದಿ. ಹೊಲದ ಬದುವಿನಲ್ಲಿ ನಾಗರಹಾವು ಸುಳಿದರೆ ದೂರ ಸರಿಯಬೇಕೆಂಬುದನ್ನು ಬಲ್ಲ ನಾವು, ಅಲೆಯಂಚಿನಲ್ಲಿ ಬಿದ್ದಿರುವ ಹಾವನ್ನು ಕಂಡಾಗ ಮಾತ್ರ ಕೋಲಿನಿಂದ ತಿವಿದು ನೋಡುತ್ತೇವೆ. ಆದಕಾರಣ ಕಡಲಿನ ಕೆಲವು ಜಂತುಗಳ ವಿಷಯವಾಗಿ ಇಂದು ನಾಲ್ಕು ಮಾತು ಹೇಳಲು ಬಯಸುತ್ತೇವೆ.

ಭಯಕ್ಕೂ ಅಪಾಯಕ್ಕೂ ಕಡಲಿನಲ್ಲಿ ಅಷ್ಟಾಗಿ ಸಂಬಂಧವಿಲ್ಲ. 2020ರ ನವೆಂಬರಿನಲ್ಲಿ ಉಡುಪಿಯ ಸಮೀಪದ ಮಟ್ಟು, ಪಡುಕೆರೆಗಳ ತೀರದಲ್ಲಿ ರಾತ್ರಿಯ ಅಲೆಗಳು ನೀಲಿಯಾಗಿ ಉರಿದುವು. ಕೊಳ್ಳಿದೆವ್ವದ ಕಥೆಗಳನ್ನು ಕೇಳಿ ಬೆಳೆದವರಿಗೆ ಮೈ ಜುಮ್ಮೆನ್ನುವ ನೋಟವದು. ಆ ಬೆಳಕನ್ನು ಸೂಸಿದುದು ನಾಕ್ಟಿಲುಕಾ ಎಂಬ ಏಕಕೋಶದ ಅಣುಜೀವಿ. ನೀರು ಅಲುಗಿದೊಡನೆ ಅದು ಮಿನುಗುತ್ತದೆ. ತನ್ನನ್ನು ಮೇಯಲು ಬಂದ ಸಣ್ಣ ಜಂತುವನ್ನು ಬೆದರಿಸುವುದಕ್ಕೂ, ಆ ಜಂತುವನ್ನು ಅದಕ್ಕಿಂತ ದೊಡ್ಡ ಮೀನಿಗೆ ತೋರಿಸಿಕೊಡುವುದಕ್ಕೂ ಈ ಮಿಂಚು ನೆರವಾಗುವುದೆಂದು ಪ್ರಾಣಿಶಾಸ್ತ್ರಜ್ಞರು ಊಹಿಸುತ್ತಾರೆ. ಅದು ನಮ್ಮನ್ನು ಕಚ್ಚುವುದಿಲ್ಲ, ಚುಚ್ಚುವುದೂ ಇಲ್ಲ.

ಕಡಲಹಾವಿನ ಸಂಗತಿ ಬೇರೆ. ಇದು ನಾಗರಹಾವಿನ ಕುಲಕ್ಕೇ ಸೇರಿದುದು; ಇದರ ಪೂರ್ವಜರು ನೆಲದ ಹಾವುಗಳು. ನೆಲವನ್ನು ಬಿಟ್ಟು ನೀರನ್ನು ಆಶ್ರಯಿಸಿದ ಮೇಲೆ ಅದರ ಬಾಲವು ಹುಟ್ಟಿನಂತೆ ಚಪ್ಪಟೆಯಾಯಿತು. ಮೂಗಿನ ಹೊಳ್ಳೆಗಳಿಗೆ ಮುಚ್ಚಳ ಬಂದಿತು. ಒಂದೇ ಶ್ವಾಸಕೋಶವು ಹೆಚ್ಚುಕಡಮೆ ಮೈಯುದ್ದಕ್ಕೂ ಚಾಚಿಕೊಂಡಿತು. ಚರ್ಮದ ಮೂಲಕವೂ ಅದು ನೀರಿನೊಳಗಿನ ಪ್ರಾಣವಾಯುವನ್ನು ಒಂದಷ್ಟು ಹೀರಬಲ್ಲದು. ನಮ್ಮ ತೀರದ ಜಾತಿಗಳು ಮೊಟ್ಟೆಯಿಡಲು ದಡವೇರುವುದಿಲ್ಲ, ನೀರಿನಲ್ಲಿಯೇ ಮರಿ ಹಾಕುತ್ತವೆ. ಉಪ್ಪಿನ ಮಾತೇನು? ನಾಲಗೆಯ ಬುಡದಲ್ಲಿರುವ ಗ್ರಂಥಿಯೊಂದು ಮೈಯ ಉಪ್ಪನ್ನು ಹೊರಗೆ ಹಾಕುತ್ತದೆ. ಅಷ್ಟರಿಂದಲೇ ಹಾವಿನ ಬಾಯಾರಿಕೆ ತೀರುವುದೆಂದು ಬಹುಕಾಲ ನಂಬಿದ್ದರು. ಅಮೆರಿಕದ ಹಾರ್ವಿ ಲಿಲಿವೈಟ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ, ಹಳದಿ ಹೊಟ್ಟೆಯ ಕಡಲಹಾವು ಸಮುದ್ರದ ನೀರನ್ನು ಕುಡಿಯದೆ, ಬಾಯಾರಿ ಬಳಲಿ, ಮಳೆಯ ಸಿಹಿನೀರಿಗಾಗಿ ಕಾಯುವುದೆಂದು ತಿಳಿದುಬಂದಿತು. ಸುತ್ತಲೂ ನೀರಿದ್ದು ಮುಗಿಲನ್ನು ನೋಡುತ್ತ ಕೂರುವ ಪಾಡು ನಮ್ಮ ಬಯಲುಸೀಮೆಯ ಒಕ್ಕಲಿಗನಿಗೆ ಸುಲಭವಾಗಿ ಅರ್ಥವಾದೀತು.

ಈ ಹಾವಿಗೆ ಅಂಥ ಉಗ್ರವಿಷವೇಕೆ? ನೆಲದ ಹಾವು ಕಚ್ಚಿ ಬಿಟ್ಟ ಇಲಿಯನ್ನು ವಾಸನೆಯ ಜಾಡು ಹಿಡಿದು ಹುಡುಕಬಲ್ಲದು. ನೀರಿನಲ್ಲಿ ಕಚ್ಚಿಸಿಕೊಂಡ ಮೀನು ತಪ್ಪಿಸಿಕೊಂಡರೆ ಊಟ ಹೋದಂತೆಯೇ. ನಮ್ಮ ಕರಾವಳಿಯಲ್ಲಿ ವಿಶೇಷವಾಗಿ ಕಾಣುವ ಕೊಕ್ಕೆಮೂತಿಯ ಕಡಲಹಾವು ತಿನ್ನುವುದಾದರೂ ಗಟ್ಟಿಮುಳ್ಳುಗಳ ಮೀಸೆಮೀನನ್ನು. ಅದು ಒದ್ದಾಡಿದರೆ ಹಾವಿಗೇ ಗಾಯ. ಆದುದರಿಂದ ವಿಷವು ಕೂಡಲೇ ಕೆಲಸ ಮಾಡಬೇಕು. ಮನುಷ್ಯನು ಅದಕ್ಕೆ ಆಹಾರವಲ್ಲ. ಬಲೆಯಲ್ಲಿ ಸಿಕ್ಕಿ, ಹಿಸುಕಲ್ಪಟ್ಟಾಗ ಕಚ್ಚುತ್ತದೆ. ಹಲವು ಸಲ ವಿಷವನ್ನು ಬಿಡದೆಯೇ ಕಚ್ಚುತ್ತದೆ.

ಅಪಾಯವಿರುವುದು ರಾತ್ರಿಯಲ್ಲಿ ಬಲೆಯನ್ನೆಳೆದು ಬರಿಗೈಯಿಂದ ಮೀನು ಬಿಡಿಸುವ ಬೆಸ್ತರಿಗೆ. ಕಡಿತದಲ್ಲಿ ನೋವು ತೀರ ಕಡಮೆ, ಬಾವು ಇಲ್ಲವೇ ಇಲ್ಲವೆನ್ನಬಹುದು. ಮೀನಿನ ಮುಳ್ಳು ತಾಗಿತೆಂದು ಅವರು ಕೆಲಸವನ್ನು ಮುಂದುವರಿಸುತ್ತಾರೆ. ಅರ್ಧ ಗಂಟೆಗೋ, ಕೆಲವು ಗಂಟೆಗಳ ಮೇಲೋ ಮೈಯ ಸ್ನಾಯುಗಳೆಲ್ಲ ನೋಯತೊಡಗುತ್ತವೆ, ದವಡೆ ಬಿಗಿಯುತ್ತದೆ, ಮೂತ್ರವು ಕಪ್ಪಾಗುತ್ತದೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ದೊರೆಯುವ ವಿಷಹಾರಿ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದುದು, ಕಡಲಹಾವಿಗಾಗಿ ಅಲ್ಲ. ಕಚ್ಚಿದ ಅಂಗವನ್ನು ಅಲುಗಿಸದಂತೆ ಕಟ್ಟಿ, ಕೃತಕ ಉಸಿರಾಟ ಮತ್ತು ಮೂತ್ರಪಿಂಡದ ಚಿಕಿತ್ಸೆಗಳಿರುವ ಆಸ್ಪತ್ರೆಗೆ ಬೇಗನೆ ಒಯ್ಯಬೇಕು. ಬೇಗನೆ ಎಂಬ ಮಾತು ಉತ್ತರ ಕನ್ನಡದಲ್ಲಿ ಹೇಳುವಷ್ಟು ಸುಲಭವಲ್ಲ. ತಮ್ಮ ಜಿಲ್ಲೆಗೆ ಸುಸಜ್ಜಿತವಾದ ದೊಡ್ಡ ಆಸ್ಪತ್ರೆ ಬೇಕೆಂದು ಅಲ್ಲಿನ ಜನರು 2022ರಲ್ಲಿ ಮಾಡಿದ ಚಳವಳಿಯನ್ನು ನಾವು ಘಟ್ಟದ ಮೇಲೆ ಕುಳಿತು ಹಗುರಾಗಿ ಎಣಿಸಬಾರದು.

ಲೋಳೆಮೀನಿಗೆ ಎಲುಬಿಲ್ಲ, ಮಿದುಳಿಲ್ಲ. ಅದರ ತಂತುಗಳಲ್ಲಿ ಸುರುಳಿಸುತ್ತಿದ ಸೂಕ್ಷ್ಮವಾದ ವಿಷದ ಸೂಜಿಗಳಿವೆ; ಮುಟ್ಟಿದೊಡನೆ ಸಿಡಿಯುತ್ತವೆ. ಸತ್ತು ದಡಕ್ಕೆ ಬಿದ್ದ ಲೋಳೆಮೀನಿನಲ್ಲಿಯೂ ಅವು ಸಿಡಿಯದೆ ಉಳಿದಿರುತ್ತವೆ. ತಾಗಿದೆಡೆಯನ್ನು ಮರಳಿನಿಂದ ಉಜ್ಜುವುದು, ಸಿಹಿನೀರಿನಿಂದ ತೊಳೆಯುವುದು ಎರಡೂ ಕೆಟ್ಟದ್ದು, ಉಳಿದ ಸೂಜಿಗಳೂ ಸಿಡಿದಾವು. ಸಮುದ್ರದ ನೀರನ್ನೇ ಹುಯ್ದು, ತಂತುಗಳನ್ನು ಚಿಮಟದಿಂದ ತೆಗೆಯುವುದು ಲೇಸು.

ಇನ್ನು ತೊರಕೆ. ಕರಾವಳಿಯ ಅಡುಗೆಮನೆಗಳಲ್ಲಿ ಇದು ರುಚಿಯಾದ ಮೀನು. ಬಾಲದ ಗರಗಸದಂಥ ಮುಳ್ಳಿನಲ್ಲಿ ಮಾತ್ರ ವಿಷವುಂಟು. 2006ರಲ್ಲಿ ಆಸ್ಟ್ರೇಲಿಯದ ಪ್ರಸಿದ್ಧ ಪ್ರಾಣಿಪ್ರಿಯನಾದ ಸ್ಟೀವ್ ಇರ್ವಿನ್ ಎದೆಗೆ ಇಂಥದೊಂದು ಮುಳ್ಳು ನಾಟಿ ಮೃತನಾದನು. ಅಂಥ ಸಾವು ಅಪರೂಪ. ಪಾದಕ್ಕೆ ಚುಚ್ಚುವುದೇ ಹೆಚ್ಚು. ಆಗ ಸಹಿಸಬಹುದಾದಷ್ಟು ಬಿಸಿಯಾದ ನೀರಿನಲ್ಲಿ ಕಾಲನ್ನಿಟ್ಟರೆ ನೋವು ತಗ್ಗುತ್ತದೆ. ಆಮೇಲೆ ವೈದ್ಯರಿಗೆ ತೋರಿಸಬೇಕು. ತೊರಕೆಯು ಮರಳನ್ನು ಹೊದ್ದು, ಕಣ್ಣನ್ನಷ್ಟೇ ಹೊರಗಿಟ್ಟು ಮಲಗಿರುತ್ತದೆ. ಅದಕ್ಕೆ ಬೇಕಾದುದು ಯಾರ ಕಣ್ಣಿಗೂ ಬೀಳದಿರುವುದು. ತುಳಿದರೆ ಮಾತ್ರ ಬಾಲವನ್ನೆತ್ತುತ್ತದೆ. ಮೊಳಕಾಲು ಮಟ್ಟದ ನೀರಿನಲ್ಲಿ ಹೆಜ್ಜೆಯನ್ನು ಎತ್ತಿ ಇಡದೆ, ಪಾದಗಳನ್ನು ಮರಳಿನ ಮೇಲೆ ಎಳೆಯುತ್ತ ನಡೆದರೆ, ಆ ಅದಿರಾಟವನ್ನು ಅರಿತು ಅದು ತಾನಾಗಿಯೇ ಅತ್ತ ಜಾರಿಹೋಗುತ್ತದೆ.