35 ಪದಗಳಿಗೆ ಹೆದರುವುದೇಕೆ?

(ಕಂಪ್ಯೂಟರ್ ಕಲಿಯುತ್ತಿರುವ ಯುವಕ ಯುವತಿಯರ ಮುಂದೆ ಮಾಡಿದ ಭಾಷಣ)



ಕನ್ನಡ ಮಾಧ್ಯಮದಲ್ಲಿ ಓದಿ ಬಂದವರನ್ನು ಒಂದೇ ಮಾತು ಹೇಳಿ ಹೇಳಿ ಹೆದರಿಸಿಟ್ಟಿದ್ದಾರೆ: 'ಇಂಗ್ಲಿಷ್ ಬಾರದವರಿಗೆ ಪ್ರೋಗ್ರಾಮಿಂಗ್ ಒಲಿಯುವುದಿಲ್ಲ.' ಇವತ್ತು ಆ ಮಾತನ್ನೇ ಒರೆಗೆ ಹಚ್ಚೋಣ.

ಪೈಥಾನ್ ಭಾಷೆಯನ್ನೇ ತೆಗೆದುಕೊಳ್ಳಿ. ನೆದರ್ಲೆಂಡ್ಸ್‌ನ ಗೀಡೋ ವಾನ್ ರಾಸಮ್ 1991ರಲ್ಲಿ ಅದನ್ನು ಹೊರತಂದರು. ಆ ಭಾಷೆ ತನಗಾಗಿ ಕಾದಿರಿಸಿಕೊಂಡಿರುವ ಪದಗಳು ಎಷ್ಟು? ಬರೀ 35! ಇಫ್, ಎಲ್ಸ್, ಫಾರ್, ವೈಲ್, ಹೀಗೆ. ನಮ್ಮ ಸಿಟಿ ಬಸ್ಸಿನ ಕಂಡಕ್ಟರ್ ದಿನಕ್ಕೆ ಇದಕ್ಕಿಂತ ಹೆಚ್ಚು ಇಂಗ್ಲಿಷ್ ಪದ ಆಡುತ್ತಾನೆ. ಪ್ರಿಂಟ್, ಲೆನ್ ಮುಂತಾದ ಸಿದ್ಧ ಹೆಸರುಗಳು ಬೇರೆ ಇವೆ, ನಿಜ. ಬಳಸುತ್ತ ಬಳಸುತ್ತ ಅವು ನಾಲಿಗೆಗೆ ಬರುತ್ತವೆ. ಮಿಕ್ಕ ಹೆಸರುಗಳನ್ನು ಇಡುವವರು ನಾವೇ. ಪೈಥಾನ್ 3ರಲ್ಲಿ 'ಬೆಲೆ', 'ಮೊತ್ತ' ಎಂದು ಕನ್ನಡ ಅಕ್ಷರದಲ್ಲೇ ಹೆಸರಿಟ್ಟರೂ ಪ್ರೋಗ್ರಾಮ್ ಓಡುತ್ತದೆ!

ಹಾಗಾದರೆ ನಮ್ಮವರು ಎಡವುವುದೆಲ್ಲಿ? ಗುರುವಿನ ಆಯ್ಕೆಯಲ್ಲಿ. ಕಲಿಸುತ್ತೇನೆ ಎನ್ನುವವರು ಇವತ್ತು ಬೀದಿಗೊಬ್ಬರು. ಒಬ್ಬರ ಪಾಠ ಎರಡು ದಿನ, ಇನ್ನೊಬ್ಬರದು ಮೂರು ದಿನ. ತಿಂಗಳು ಕಳೆದರೂ ಸ್ವಂತದ್ದೆಂದು ಒಂದು ಪ್ರೋಗ್ರಾಮ್ ಇಲ್ಲ. ಯಾರ ಬರಹವನ್ನು ನಂಬಿ ಕೂರಬೇಕು? ಮೂರು ಪರೀಕ್ಷೆ ಹೇಳುತ್ತೇನೆ.

ಒಂದು: ಬರಹ ಯಾವ ಕಾಲದ್ದು? ಪೈಥಾನ್ 3 ಬಂದದ್ದು 2008ರ ಡಿಸೆಂಬರ್‌ನಲ್ಲಿ. ಪೈಥಾನ್ 2ಕ್ಕೆ ಅಧಿಕೃತ ಬೆಂಬಲ 2020ರ ಜನವರಿ 1ಕ್ಕೆ ನಿಂತುಹೋಯಿತು. ಆದರೂ ಹಳೆಯ ಪಾಠಗಳು ಇನ್ನೂ ಓಡಾಡುತ್ತಿವೆ. ಗುರುತು ಸುಲಭ. ಪ್ರಿಂಟ್ ಮುಂದೆ ಆವರಣ ಚಿಹ್ನೆ ಇಲ್ಲದಿದ್ದರೆ ಅದು ಹಳೆಯ ಸರಕು. ಪಕ್ಕಕ್ಕಿಡಿ.

ಎರಡು: ತಪ್ಪನ್ನು ತೋರಿಸುತ್ತಾರೆಯೇ? ಎಲ್ಲವೂ ಮೊದಲ ಏಟಿಗೇ ಓಡಿದಂತೆ ತೋರಿಸುವವನು ಅರ್ಧ ಗುರು. ನಿಮ್ಮ ಪ್ರೋಗ್ರಾಮ್ ಕೆಟ್ಟಾಗ ಪರದೆ ತುಂಬ ಇಂಗ್ಲಿಷ್ ಸುರಿಯುತ್ತದೆ. ಹೆದರಬೇಡಿ. ಕೊನೆಯ ಸಾಲನ್ನು ಮೊದಲು ಓದಿ. ಯಾವ ಬಗೆಯ ತಪ್ಪು ಎಂಬುದು ಅಲ್ಲಿದೆ, ಎಷ್ಟನೇ ಸಾಲಿನಲ್ಲಿ ಎಂಬುದು ಅದರ ಮೇಲಿದೆ. 'ನೇಮ್ ಎರರ್' ಎಂದರೆ ನೀವು ಬರೆದ ಹೆಸರು ಅದಕ್ಕೆ ಗೊತ್ತಿಲ್ಲ ಎಂದರ್ಥ. ಕಾಗುಣಿತ ನೋಡಿಕೊಳ್ಳಿ. ಹೀಗೆ ಬಿಡಿಸಿ ಹೇಳುವವರನ್ನು ಹುಡುಕಿ.

ಮೂರು: ಕಾರಣ ಕೊಡುತ್ತಾರೆಯೇ? 'ಕನ್ನಡ' ಪದದ ಉದ್ದ ಎಷ್ಟೆಂದು ಲೆನ್ ಮೂಲಕ ಕೇಳಿ. ನಮ್ಮ ಕಣ್ಣಿಗೆ 3 ಅಕ್ಷರ. ಪೈಥಾನ್ 3 ಹೇಳುವುದು 5! ಯಾಕೆ? ಕ, ನ, ಹಲಂತ ಚಿಹ್ನೆ, ಇನ್ನೊಂದು ನ, ಡ. ಯೂನಿಕೋಡ್ ಲೆಕ್ಕದಲ್ಲಿ ಇವು 5 ಸಂಕೇತಗಳು. ಮೊದಲ ಮೂರನ್ನು ಕೊಡು ಎಂದರೆ ಸಿಗುವುದು ಬರೀ 'ಕನ್'. ಇದರ ಕಾರಣ ತಿಳಿಯದೆ ಕಲಿತವನು ನಾಳೆ ಒಂದು ಅರ್ಜಿ ನಮೂನೆ ಮಾಡಿದರೆ ನಿಮ್ಮ ಹೆಸರಿನ ಒತ್ತಕ್ಷರವನ್ನು ನಡುವೆ ಕತ್ತರಿಸಿ ಹಾಕುತ್ತಾನೆ. ಕಂಪ್ಯೂಟರಿನಲ್ಲಿ ಕನ್ನಡ ಕೆಡುವುದು ಹೀಗೆಯೇ. ಕಂಪ್ಯೂಟರಿಗೆ ಕನ್ನಡದ ಮೇಲೆ ದ್ವೇಷವಿಲ್ಲ, ಬರೆದವನಿಗೆ ಪಾಠ ಸಾಲದು!

ಮೂರರಲ್ಲೂ ಪಾಸಾದ ಇಬ್ಬರನ್ನು ಹಿಡಿಯಿರಿ, ಸಾಕು. ಜೊತೆಗೆ ಪೈಥಾನ್ ಕಟ್ಟುವವರೇ ಕೊಡುವ ಉಚಿತ ಪಾಠವಿದೆ. ಹೊಸ ಆವೃತ್ತಿ ಬಂದಂತೆ ಅದನ್ನೂ ತಿದ್ದುತ್ತಾರೆ. ಇಬ್ಬರು ಗುರುಗಳ ಮಾತು ಬೇರೆ ಬೇರೆಯಾದರೆ ಅದನ್ನು ತೆರೆದು ನೋಡಿ. ಓದಿದ್ದನ್ನು ಕೈಯಾರೆ ಟೈಪ್ ಮಾಡಿ. ಒಂದು ಅಂಕಿ ಬದಲಿಸಿ. ಏನಾಗಬಹುದೆಂದು ಮೊದಲು ಊಹಿಸಿ, ಆಮೇಲೆ ಓಡಿಸಿ. ಊಹೆ ತಪ್ಪಿದ ಕಡೆಯೇ ಕಲಿಕೆ.

ಆ ಉಚಿತ ಪಾಠವನ್ನು ಜಪಾನಿ, ಕೊರಿಯನ್, ಫ್ರೆಂಚ್ ನುಡಿಗಳಿಗೆ ತಂದವರು ಸ್ವಯಂಸೇವಕರು. ನಮ್ಮ ಕೈ ಯಾರು ಕಟ್ಟಿದ್ದಾರೆ? ಈ ವಾರ ಕಲಿತ ಒಂದೇ ಒಂದು ಸಂಗತಿಯನ್ನು ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಆವೃತ್ತಿ ಯಾವುದೆಂದು ಹೇಳಿ, ದಿನಾಂಕ ಹಾಕಿ, ತಪ್ಪನ್ನೂ ತೋರಿಸಿ, ಕಾರಣವನ್ನೂ ಕೊಡಿ. ಹಳ್ಳಿಯಿಂದ ಬರುವ ಮುಂದಿನ ಹುಡುಗಿ ಗುರುವನ್ನು ಹುಡುಕುವಾಗ ನಿಮ್ಮ ಪುಟ ಅವಳ ಕೈಗೆ ಸಿಗಲಿ.