ಅಣ್ಣ ಎಂದು ಕರೆದ ಮೇಲೆ



ನಾನು ಉರ್ದು, ಕನ್ನಡ ಎರಡನ್ನೂ ಕಲಿಸುತ್ತೇನೆ. ಉರ್ದುವಿನಲ್ಲಿ ಚಾಚಾರ ಮಗ ಚಚೇರಾ ಭಾಯಿ, ಮಾಮೂವಿನ ಮಗ ಮಮೇರಾ ಭಾಯಿ, ಖಾಲಾರ ಮಗ ಖಲೇರಾ ಭಾಯಿ. ಯಾರ ಮಗನಾದರೂ ಕೊನೆಗೆ 'ಭಾಯಿ' ಇದ್ದೇ ಇದೆ. ಕನ್ನಡದಲ್ಲಿ ಅತ್ತೆ, ಸೋದರಮಾವಂದಿರ ಮಕ್ಕಳು ಭಾವ, ಅತ್ತಿಗೆ, ಮೈದುನ, ನಾದಿನಿ. ಚಿಕ್ಕಪ್ಪ, ದೊಡ್ಡಮ್ಮಂದಿರ ಮಕ್ಕಳಾದರೋ ನೇರವಾಗಿ ಅಣ್ಣ, ತಮ್ಮ, ಅಕ್ಕ, ತಂಗಿ. ಇಂದಿನ ಮಕ್ಕಳು ಎಲ್ಲರನ್ನೂ 'ಕಸಿನ್' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆದರೆ ಹೆಸರಿನ ಜೊತೆಗೆ ಹೊಣೆಯೂ ಇದೆ.

ನಮ್ಮದು ಕೂಡುಕುಟುಂಬ. ಚಾಚಾರ ಮಗ ನನಗಿಂತ ಒಂದು ವರ್ಷ ದೊಡ್ಡವರು. ಒಂದೇ ತಟ್ಟೆಯಲ್ಲಿ ಉಂಡೆವು, ಕರೆಂಟು ಹೋದಾಗ ಒಂದೇ ಲಾಟೀನಿನ ಬೆಳಕಿನಲ್ಲಿ ಓದಿದೆವು. ಲೆಕ್ಕದಲ್ಲಿ ಅವರೇ ನನಗೆ ಗುರು. ಚಾಚಾ ತೀರಿಕೊಂಡ ಮೇಲೆ ಏಳನೆಯ ತರಗತಿಗೇ ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿದರು. ನನ್ನ ಬಿ.ಎಡ್. ಶುಲ್ಕದ ಮೊದಲ ಕಂತು ಅವರ ದುಡಿಮೆಯಿಂದ ಬಂತು. ಅವರೂ ಓದಲಿ ಎಂದು ಮನೆಯಲ್ಲಿ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. 'ಭಾಯಿ' ಎಂದು ಕರೆದೆ, ಅಷ್ಟೇ.

ಕಳೆದ ವರ್ಷ ಅವರೇ ಕೇಳಿದರು: "ಈ ವಯಸ್ಸಿನಲ್ಲಿ ಹತ್ತನೆಯದು ಬರೆಯಬಹುದೇ?"

ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಬರೆಯಬಹುದು; ಮುಕ್ತ ಶಾಲೆಯ ದಾರಿಯೂ ಇದೆ. ಶಿಕ್ಷಕ ವೃತ್ತಿಯಲ್ಲಿದ್ದೂ ಇಷ್ಟು ವರ್ಷ ಸುಮ್ಮನಿದ್ದೆನಲ್ಲ ಎಂದು ನಾಚಿಕೆಯಾಯಿತು. ಈಗ ಗ್ಯಾರೇಜು ಮುಚ್ಚಿದ ಮೇಲೆ ಇಬ್ಬರೂ ಓದಲು ಕೂರುತ್ತೇವೆ. ಲೆಕ್ಕವನ್ನು ಇಂದಿಗೂ ಅವರೇ ಬೇಗ ಮಾಡುತ್ತಾರೆ.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲೂ ಅರ್ಧಕ್ಕೆ ಶಾಲೆ ಬಿಟ್ಟ ಅಣ್ಣನೋ ತಂಗಿಯೋ ಇದ್ದರೆ, ಇಂದೇ ಪುಸ್ತಕ ಹಿಡಿದು ಅವರ ಪಕ್ಕ ಕುಳಿತುಕೊಳ್ಳಿ. ಅವರು ಕೇಳುವವರೆಗೆ ಕಾಯಬೇಡಿ.

ಖುದಾ ಹಾಫಿಜ್.