ಎಮ್ಮೆಗೇಕೆ ಬಿಸಿಲು ತಡೆಯದು?



ಹಳ್ಳಿಕಾರ್ ಹಸು ಬಿಸಿಲಲ್ಲೂ ಮೇಯುತ್ತಿರುತ್ತದೆ. ಎಮ್ಮೆ ಮಾತ್ರ ಕೆರೆಗಿಳಿದರೆ ಏಳುವುದೇ ಇಲ್ಲ. ಸೋಮಾರಿ ಎಂದು ಬಯ್ಯಬೇಡಿ. ನಾಡಹಸುವಿನ ಚರ್ಮದಲ್ಲಿ ಬೆವರುಗ್ರಂಥಿಗಳು ಹೆಚ್ಚು. ಬೆವರು ಆರಿದಂತೆ ಮೈ ತಣ್ಣಗಾಗುತ್ತದೆ. ಎಮ್ಮೆಗೆ ಅವು ತೀರ ಕಡಿಮೆ, ಕೂದಲೂ ವಿರಳ. ಕಪ್ಪು ಚರ್ಮವೋ ಬಿಸಿಲನ್ನೆಲ್ಲ ಹೀರುತ್ತದೆ. ಮೈಶಾಖ ಸುಮಾರು 101 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ನಿಲ್ಲಬೇಕಲ್ಲ, ಅದಕ್ಕೇ ನೀರು, ಕೆಸರು. ಅದು ಸಿಗದಿದ್ದರೆ ಏದುಸಿರು ಬರುತ್ತದೆ, ಮೇವು ಸೇರದು, ಹಾಲು ಇಳಿಯುತ್ತದೆ.

ದೊಡ್ಡ ನಷ್ಟ ಬೇರೆಯೇ ಇದೆ. ಬೇಸಿಗೆಯಲ್ಲಿ ಎಮ್ಮೆಯ ಬೆದೆ ಮಂಕು, ಕೂಗದು, ಕಾಣದು. ಒಂದು ಬೆದೆ ತಪ್ಪಿತೆಂದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಗೊಡ್ಡೆಂದು ಸಂತೆಗೆ ಹೊಡೆಯುವ ಮುಂಚೆ ರಾತ್ರಿ ಒಮ್ಮೆ, ನಸುಕಿನಲ್ಲೊಮ್ಮೆ ಎದ್ದು ನೋಡಿ. ಕೆರೆ ಬತ್ತಿದ ಊರಿನವರು ಮರದ ನೆರಳಿನಲ್ಲಿ ಕಟ್ಟಿ, ಮಧ್ಯಾಹ್ನ ಎರಡು ಮೂರು ಸಲ ಮೈಮೇಲೆ ನಾಲ್ಕು ಬಿಂದಿಗೆ ನೀರು ಸುರಿಯಿರಿ. ಮೇವು ಸಂಜೆಯ ತಂಪಿಗೆ ಹಾಕಿ.